ಕರೆಯದೆ ಬಿಟ್ಟ ಹೆಸರು

"ಇವತ್ತೂ ಬಂದಿತ್ತು ಕಣೇ. ಅಡುಗೆಮನೇಲಿ ಪಾತ್ರೆ ಸದ್ದು. ಹೋಗಿ ನೋಡಿದ್ರೆ ಯಾರೂ ಇಲ್ಲ."

ಫೋನಿನಲ್ಲಿ ಮಾನಾಂಗ್ ಕೊರಿಂಗ್, ಅಂದರೆ ಕೊರಿಂಗ್ ಅಕ್ಕ. ರೊವೆನಾಳ ದೊಡ್ಡಪ್ಪನ ಮಗಳು. ತಾಯ್ನಾಡಿನ ಬಟಾಕ್ ಊರಿನಲ್ಲಿ ರೊವೆನಾ ಬಿಟ್ಟುಬಂದ ಮನೆಗೆ ಈಗ ಬಾಡಿಗೆಗೆ ಬಂದವಳು.

ರೊವೆನಾ ಮಗನತ್ತ ನೋಡಿದಳು. ಮೂರು ವರ್ಷದ ಜೊಮಾರ್ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಮೆಲ್ಬರ್ನ್‌ಗೆ ಬಂದಾಗಿನಿಂದ ಅವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಅವಳಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಮಗುವಿನ ದೇಹ ಇಲ್ಲಿ, ಆತ್ಮ ಅಲ್ಲಿ.

ತಪ್ಪು ಅವಳದೇ. ನದಿದಂಡೆಯಾಗಲಿ, ನೆಂಟರ ಮನೆಯಾಗಲಿ, ಬಿಟ್ಟು ಹೊರಡುವಾಗ ಬಟಾಕ್‌ನಲ್ಲಿ ಜೊತೆಗಿದ್ದ ಹಿರಿಯರು ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆಯುತ್ತಾರೆ: ಬಾ, ಹೋಗೋಣ, ಇಲ್ಲೇ ಉಳೀಬೇಡ. ಕರೆಯದಿದ್ದರೆ ಆತ್ಮ ಹಿಂದೆಯೇ ನಿಂತುಬಿಡುತ್ತದೆ. ಗಂಡ ಅರ್ನೆಲ್ ನರ್ಸ್ ಕೆಲಸಕ್ಕೆಂದು ಒಂದು ವರ್ಷ ಮೊದಲೇ ಮೆಲ್ಬರ್ನ್‌ಗೆ ಬಂದಾಗಿತ್ತು. ಆ ಬೆಳಗ್ಗೆ ಮನೆಯಲ್ಲಿ ಹಿರಿಯಳೆಂದರೆ ರೊವೆನಾ ಒಬ್ಬಳೇ. ವ್ಯಾನಿನವನು ಹಾರ್ನ್ ಒತ್ತುತ್ತಲೇ ಇದ್ದ. ಮಗಳು ಲೆನ್ನಿಯ ಹೆಸರು ಕರೆದದ್ದು ನೆನಪಿದೆ. ಹೆಗಲ ಮೇಲೆ ನಿದ್ದೆ ಹೋಗಿದ್ದ ಜೊಮಾರ್‌ನನ್ನು? ಎಷ್ಟು ಕೆದಕಿದರೂ ನೆನಪಾಗುತ್ತಿಲ್ಲ.

"ಪಾಸ್‌ಪೋರ್ಟ್ ಮಾಡಿಸ್ದೆ, ಆತ್ಮಕ್ಕೆ ವೀಸಾ ಹಾಕೋದು ಮರ್ತೆ ಅನ್ಸುತ್ತೆ," ರಾತ್ರಿ ಊಟಕ್ಕೆ ಕೂತ ಅರ್ನೆಲ್ ನಕ್ಕ. ಮೊದಲ ತುತ್ತಿಗೇ ಮುಖ ಕಿವುಚಿದ. "ಅಯ್ಯೋ ಮಾರಾಯ್ತಿ, ಇವತ್ತೂ ಉಪ್ಪಿಲ್ಲ."

ರೊವೆನಾಳ ತಟ್ಟೆ ಆಗಲೇ ಖಾಲಿಯಾಗಿತ್ತು. ಉಪ್ಪಿಲ್ಲದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ನಗು, ನಗು. ನಿನ್ ಮಗ ನನ್ ಹತ್ರಾನೇ ಬರಲ್ಲ."

ಅದು ನಿಜ. ಲೆನ್ನಿ ತುತ್ತು ಕೊಟ್ಟರೆ ಜೊಮಾರ್ ತಿನ್ನುತ್ತಿದ್ದ. ಅಪ್ಪನ ಬೆನ್ನೇರುತ್ತಿದ್ದ. ರೊವೆನಾ ಎತ್ತಿಕೊಂಡರೆ ಮಾತ್ರ, ಟ್ರಾಮಿನಲ್ಲಿ ಯಾರೋ ಅಪರಿಚಿತರು ಮುಟ್ಟಿದಂತೆ ಮೈ ಸೆಟೆಸುತ್ತಿದ್ದ. ಸಂಜೆಯಾದರೆ ಬಾಗಿಲ ಬಳಿ ನಿಂತು ಕಾಯುತ್ತಿದ್ದ. ಅಪ್ಪ ಬಂದ ಮೇಲೂ ಅಲ್ಲೇ ನಿಂತಿರುತ್ತಿದ್ದ.

"ಅಮ್ಮಾ!" ಲೆನ್ನಿ ತೋಳು ಜಗ್ಗಿದಳು. "ಎಷ್ಟ್ ಸಲ ಕರೀಲಿ? ನಲ್ಲಿ ಹಾಗೇ ಬಿಟ್ಟಿದ್ದೀಯ. ಬಾತ್‌ರೂಮ್ ತುಂಬಾ ನೀರು."

ಶಿಶುವಿಹಾರದವರು ವೈದ್ಯರಿಗೆ ತೋರಿಸಿ ಎಂದರು. ರೊವೆನಾ ತೋರಿಸಿದಳು. ಕಿವಿ ಸರಿ, ನಾಲಗೆ ಸರಿ, ಗಂಟಲು ಸರಿ. ಇನ್ನು ಉಳಿದದ್ದು ಒಂದೇ ದಾರಿ. ಕರೆದು ತರಬೇಕು.

ಭಾನುವಾರ ಸಂಜೆ ಮಾನಾಂಗ್ ಬಟಾಕ್‌ನ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಜೊಮಾರ್‌ನ ಹಳೆಯ ಅಂಗಿ, ಇನ್ನೊಂದರಲ್ಲಿ ಫೋನು. ಇಲ್ಲಿ ರೊವೆನಾ ತನ್ನ ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟಳು. ಪರದೆಯ ತುಂಬ ಆ ಅಡುಗೆಮನೆ.

"ಜೋರಾಗಿ ಕರಿಯೇ. ಪಕ್ಕದ್ಮನೆ ಬಿಳಿಯರು ಪೊಲೀಸ್ ಕರೆಸಿದ್ರೆ ಕರೆಸ್ಲಿ."

"ಜೊಮಾರ್! ಬಾ ಕಂದ, ಹೋಗೋಣ. ಅಲ್ಲೇ ಉಳೀಬೇಡ!"

ಪರದೆಯಾಚೆ ಎಲ್ಲೋ ಮುಚ್ಚಳವೊಂದು ಸದ್ದು ಮಾಡಿತು. ಪಕ್ಕದಲ್ಲಿ ಕೂತಿದ್ದ ಅರ್ನೆಲ್‌ನ ನಗು ನಿಂತಿತು. ರೊವೆನಾ ಮತ್ತೆ ಕರೆದಳು. ಮತ್ತೆ. ಹೆಜ್ಜೆಗಳು ಕೇಳಿಸಿದವು. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ. ಬಾಗಿಲ ಕಡೆಗೆ ಮಾತ್ರ ಬರಲಿಲ್ಲ.

"ರೊವೆನಾ..." ಮಾನಾಂಗ್‌ಳ ದನಿ ಕುಗ್ಗಿತು. "ಮಗು ಹೆಜ್ಜೆ ಅಲ್ಲ ಕಣೇ ಇದು. ದೊಡ್ಡವ್ರದ್ದು."

ಸೋಫಾದಿಂದ ಜೊಮಾರ್ ಇಳಿದ. ರೊವೆನಾ ಕೈ ಚಾಚಿದಳು. ಅವನು ಆ ಕೈಯಡಿಯಿಂದ ನುಸುಳಿ, ಅವಳಿಗೆ ಬೆನ್ನು ಮಾಡಿ ನಿಂತು, ಎರಡೂ ಅಂಗೈಗಳನ್ನು ಪರದೆಗೆ ಒತ್ತಿ, ಆ ಖಾಲಿ ಅಡುಗೆಮನೆಗೆ ಕೇಳುವಂತೆ ಕೂಗಿದ:

"ಅಮ್ಮಾ, ಬಾ, ಹೋಗೋಣ. ಅಲ್ಲೇ ಉಳೀಬೇಡ."