ಅರಿಕೆ ಮುಗಿಯುವ ತನಕ

"ಮನೆ ಹಕ್ಕಲ್ಲಮ್ಮ, ಅದು ಸೌಲಭ್ಯ," ಎಂದು ಮಾನವ ಹಕ್ಕುಗಳ ಕಚೇರಿಯ ಅಧಿಕಾರಿ ಇಸ್ತ್ರಿಯವಳ ಅರ್ಜಿಯನ್ನು ಒಂದೇ ಬೆರಳಿನಿಂದ ಅವಳ ಕಡೆಗೆ ತಳ್ಳಿದರು. ಅವಳ ಹಿಂದೆ ಬೆಂಚಿನ ಮೇಲೆ ಅತ್ತೆ ಏದುಸಿರು ಬಿಡುತ್ತ ಕೂತಿದ್ದಳು. ಕಾಲ ಬಳಿ ಎರಡು ಚಾಪೆ, ಒಂದು ಸ್ಟವ್, ಇಸ್ತ್ರಿಪೆಟ್ಟಿಗೆ. ರಸ್ತೆ ಅಗಲ ಮಾಡುವವರು ಬೆಳಿಗ್ಗೆ ಬಂದು ಇವರಿದ್ದ ಸಾಲುಮನೆಗಳನ್ನು ಕೆಡವಿ ಹೋಗಿದ್ದರು. ಉಳಿದದ್ದು ಇಷ್ಟೇ.

"ಹಾಗಾದ್ರೆ ಊಟ?"

"ಅದು ಯೋಜನೆ."

"ನಮ್ಮತ್ತೆಗೆ ಉಬ್ಬಸ. ಔಷಧಿ?"

"ಅದು ಸೇವೆ."

"ಕೆಲಸ?"

"ಅದು ಅವರವರ ಅದೃಷ್ಟ."

"ಮತ್ತೆ ಹಕ್ಕು ಅಂದ್ರೆ ಯಾವ್ದು ಸಾರ್?"

ಅಧಿಕಾರಿಯ ಮುಖ ಅರಳಿತು. ಕೆಟ್ಟ ಮನುಷ್ಯರೇನಲ್ಲ, ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ವರ್ಷಗಟ್ಟಲೆ ಕಾದಿದ್ದರು. "ಮಾತು! ನಿಮ್ಮ ಮನೆ ಕೆಡವಿದವರನ್ನ ನೀವು ಬಾಯ್ತುಂಬ ಬೈಬಹುದು. ನನ್ನನ್ನೂ ಬೈಬಹುದು, ಇಲ್ಲೇ, ಈ ಹಾಲ್‌ನಲ್ಲೇ. 'ನನ್ನ ಅರಿಕೆ ಮುಗೀತು' ಅಂತ ನೀವಾಗಿ ಹೇಳೋ ತನಕ ನಿಮ್ಮನ್ನ ಇಲ್ಲಿಂದ ಎಬ್ಬಿಸೋ ಅಧಿಕಾರ ಮಂತ್ರಿಗಳಿಗೂ ಇಲ್ಲ. ಕಾಯಿದೆ ಅಂದ್ರೆ ಅದು!"

ಇಸ್ತ್ರಿಯವಳು ಒಮ್ಮೆ ಸುತ್ತ ನೋಡಿದಳು. ಸೋರದ ಸೂರು. ನಾಲ್ಕು ಫ್ಯಾನು, ನಾಲ್ಕೂ ತಿರುಗುತ್ತಿದ್ದವು. ಮೂಲೆಯಲ್ಲಿ ನಲ್ಲಿ, ನಲ್ಲಿಯಲ್ಲಿ ನೀರು. ಅಗುಳಿ ಇರುವ ಕಕ್ಕಸು. ಅತ್ತೆಗೆ ಕಣ್ಣಲ್ಲೇ ಏನೋ ಹೇಳಿ, ಪಕ್ಕದ ಮೇಜಿನಲ್ಲಿ ಅರಿಕೆ ಟೈಪ್ ಮಾಡಲು ಕೂತಿದ್ದ ಬೆರಳಚ್ಚುಗಾರನ ಕಡೆ ತಿರುಗಿದಳು. "ಬರ್ಕೊಳ್ಳಿ ಅಣ್ಣಾ. ಹುಟ್ಟಿದಾಗಿನಿಂದ ಶುರು ಮಾಡ್ತೀನಿ."

ಸಂಜೆ ಐದಕ್ಕೆ ಅಧಿಕಾರಿ ಗಡಿಯಾರ ನೋಡಿದರು. "ಮುಗೀತಾ ತಾಯಿ?"

"ಈಗಿನ್ನೂ ಹಾಲುಹಲ್ಲು ಬಿದ್ದಿದೆ ಸಾರ್."

ಅವರು ಮನೆಗೆ ಹೋದರು, ಬೆಳಿಗ್ಗೆ ಬಂದರು. ಎಬ್ಬಿಸುವಂತಿಲ್ಲವಲ್ಲ, ಅವಳು ಅಲ್ಲೇ ಇದ್ದಳು. ಅವಳು ದಣಿದಾಗ ಅತ್ತೆ ಸಾಕ್ಷಿಯಾಗಿ ಮುಂದುವರಿಸಿದಳು. ಅತ್ತೆಗೆ ಸರ್ಕಾರಕ್ಕಿಂತ ಸೊಸೆಯ ಮೇಲೆಯೇ ದೂರು ಜಾಸ್ತಿ. ಅವೂ ಚಾಚೂ ತಪ್ಪದೆ ದಾಖಲಾದವು. ಎರಡನೆಯ ದಿನ ಸ್ಟವ್ ಉರಿಯಿತು. ಹಾಲ್‌ನಲ್ಲಿ ಅಡುಗೆ ಮಾಡಬಾರದೆಂದು ಕಾಯಿದೆಯಲ್ಲಿ ಎಲ್ಲಿದೆ ಎಂದು ಅಧಿಕಾರಿ ಮಧ್ಯಾಹ್ನದ ತನಕ ಹುಡುಕಿ, ಕೊನೆಗೆ ಅತ್ತೆ ಸೊಸೆ ಬಡಿಸಿದ್ದನ್ನೇ ಉಂಡರು. ಮೂರನೆಯ ದಿನ ಹೊರದೇಶದ ಪರಿಶೀಲನಾ ತಂಡವೊಂದು ಬಂದು, 'ಇಲ್ಲಿನ ಪ್ರಜೆಗಳು ಚಾಪೆ ಸಮೇತ ಬಂದು ಹಕ್ಕು ಚಲಾಯಿಸುತ್ತಾರೆ' ಎಂದು ಮೆಚ್ಚಿ ಬರೆದುಕೊಂಡು ಹೋಯಿತು.

ನಾಲ್ಕನೆಯ ದಿನ ಅವಳ ಗಂಡ ಸತ್ತ ಕಥೆ ಬಂತು. ಗಾರೆ ಕೆಲಸದವನು, ಆರನೆಯ ಅಂತಸ್ತಿನಿಂದ ಬಿದ್ದವನು. ಬೀಳುವ ಮುಂಚೆ ಕೆಳಗೆ ನಿಂತಿದ್ದ ಅವಳನ್ನು ನೋಡಿ ಊಟಕ್ಕೆ ಬರ್ತೀನಿ ಎಂದು ಕೈ ಬೀಸಿದ್ದ. ಒಂಬತ್ತು ವರ್ಷಗಳಲ್ಲಿ ಅದನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಹೇಳುವಾಗ ಅವಳಿಗೆ ಸೂರೂ ಮರೆತುಹೋಯಿತು, ಫ್ಯಾನೂ ಮರೆತುಹೋಯಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೆರಳಚ್ಚುಗಾರ ಅದನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿದ.

ಆರನೆಯ ದಿನ ಬೆಳಿಗ್ಗೆ ಅವಳ ಗಂಟಲು ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಅತ್ತೆಗೆ ಉಬ್ಬಸ ಹೆಚ್ಚಿ ಆಗಲೇ ಎರಡು ದಿನದಿಂದ ಮಾತು ಹೊರಡುತ್ತಿರಲಿಲ್ಲ. ಅಧಿಕಾರಿ ನೂರರವರೆಗೆ ಎಣಿಸಿದರು, ಪಾಪ, ನಿಧಾನವಾಗಿಯೇ. "ಮೌನ ಅಂದ್ರೆ ಅರಿಕೆ ಮುಗಿದ ಹಾಗೆ. ಅದೂ ಕಾಯಿದೇಲಿದೆ. ಹೊರಡಿ ತಾಯಿ."

ಅವಳು ಚಾಪೆ ಸುತ್ತಲು ಬಗ್ಗಿದಳು. ಆಗ ಬೆರಳಚ್ಚುಗಾರ ಕೆಮ್ಮಿದ. "ಸಾರ್, ಸಹಿ ಹಾಕಿಸೋ ಮುಂಚೆ ಬರೆದದ್ದನ್ನೆಲ್ಲ ಅರ್ಜಿದಾರರಿಗೆ ಓದಿ ಹೇಳ್ಬೇಕು. ಕಲಂ ಹದಿನಾಲ್ಕು."

"ಎಷ್ಟು ಪುಟ ಇದೆಯಯ್ಯಾ?"

"ಐನೂರ ಅರವತ್ತು." ಅವನು ಮೊದಲ ಹಾಳೆ ಎತ್ತಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದ. ಮೊದಲ ಸಾಲು ಮುಗಿಯುವುದರೊಳಗೆ ಅಧಿಕಾರಿಯ ಕಣ್ಣು ಅವನ ಮೇಜಿನ ಕೆಳಗಿದ್ದ ಗಂಟಿನ ಮೇಲೆ ಬಿತ್ತು. "ಏನಯ್ಯಾ ಅದು?"

ಬೆರಳಚ್ಚುಗಾರ ಹಾಳೆಯಿಂದ ತಲೆ ಎತ್ತಲಿಲ್ಲ. "ಹಾಸಿಗೆ ಸಾರ್. ನಿನ್ನೆ ರಸ್ತೆ ಅಗಲ ಮಾಡೋರು ನಮ್ಮ ಬೀದಿಗೂ ಬಂದಿದ್ರು. ಹೆಂಡ್ತಿ ಮಕ್ಕಳು ಹೊರಗೆ ಮೆಟ್ಟಿಲ ಮೇಲಿದ್ದಾರೆ."

ಇಸ್ತ್ರಿಯವಳು ಸುತ್ತಿದ ಚಾಪೆಯನ್ನು ಮತ್ತೆ ಬಿಡಿಸಿ, ಗೋಡೆಯ ಕಡೆಗೆ ಎರಡು ಮೊಳ ಒತ್ತಿ ಹಾಸಿದಳು.