ದವಡೆಯ ಗಂಟು

ಹಿಂಡಿನ ಹಿರಿಯ ಕುರಿಯ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಎದ್ದದ್ದನ್ನು ಕಂಡ ಮೇಲೆ ಮಾಳವ್ವ ರೊಟ್ಟಿ ಮುಟ್ಟಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಬದುಕೆಲ್ಲ ಆ ಹಿಂಡೇ. ಆ ಕುರಿಯನ್ನು ಬೇರೆ ಕಟ್ಟಿ, ಪಶು ಆಸ್ಪತ್ರೆಗೆ ನಡೆದಳು.

"ಗಂಟು ಒಡದದೇನು?" ಡಾಕ್ಟರು ಮೊದಲು ಕೇಳಿದ್ದೇ ಅದು.

"ಇಲ್ರೀ."

"ಹಂಗಾದ್ರ ಬಚಾವ್. ಅದರ ಕೀವು ಬ್ಯಾರೆ ಕುರಿಗೆ ಹತ್ತಬಾರದು. ಮೈಮ್ಯಾಲ ಸಣ್ಣ ಗಾಯ ಇದ್ರೂ ಸಾಕು, ರೋಗ ಒಳಗ ಹೊಕ್ಕತದ. ಒಮ್ಮೆ ಹಿಂಡಿಗೆ ಹೊಕ್ತಂದ್ರ ಹೊರಗ ಹೋಗೂದಿಲ್ಲ. ನಾಳೆ ನಾನೇ ಬರ್ತೀನಿ, ಅಲ್ಲೀತನಕ ಯಾರಿಗೂ ಮುಟ್ಟಗೊಡಬ್ಯಾಡ್ರಿ."

ಮಾಳವ್ವ ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಮನೆ ಸೇರಿದಳು. ದೊಡ್ಡಿಯಲ್ಲಿ ಉಣ್ಣೆಯ ರಾಶಿ ಬಿದ್ದಿತ್ತು. ಮೈ ಬೋಳಾದ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಕತ್ತರಿ ತಾಗಿದಲ್ಲೆಲ್ಲ ಚರ್ಮದ ಮೇಲೆ ಕೆಂಪು ಗೀರು.

ಮೈದುನ ಅಮೋಗಿ ಬೆವರು ಒರೆಸಿಕೊಳ್ಳುತ್ತ ನಕ್ಕ. "ನೀವೊಬ್ರೇ ಎಷ್ಟಂತ ಒದ್ದಾಡ್ತೀರಿ ವೈನಿ? ಅದಕ್ಕ ಉಣ್ಣಿ ಎಲ್ಲಾ ನಾನೇ ಕತ್ತರಿಸಿದೆ."

"ಆ ಹಿರೇ ಕುರಿ?" ಅವಳು ಕೇಳಿದಳು.

"ಅದರ ಚಿಂತಿ ಬಿಡ್ರಿ. ಎಲ್ಲಕ್ಕೂ ಮೊದಲ ಇದೇ ಕತ್ತರೀಲೆ ಅದರ ಗಂಟು ಒಡದೀನಿ."