ಮೀನಿನ ಗುರುತಿನ ಚಾಕು

ಗ್ರೈಂಡರಿನ ಚಕ್ರಕ್ಕೆ ಚಾಕುವಿನ ಬುಡವನ್ನು ಒತ್ತಿ ಹಿಡಿದಾಗ ಸ್ಟೀವನ್ ಮುಖವನ್ನು ಆಚೆ ತಿರುಗಿಸಿದ. ಕಿಡಿಗೆ ಹೆದರಿ ಅಲ್ಲ, ಕನ್ನಡಕ ಹಾಕಿಕೊಂಡೇ ಇದ್ದ. ಉಕ್ಕಿನ ಮೇಲಿದ್ದ ಪುಟ್ಟ ಮೀನಿನ ಗುರುತು ಸವೆಯುವುದನ್ನು ನೋಡಲು ಅವನಿಗೆ ಮುಖವಿರಲಿಲ್ಲ. ಹಾಡಹಗಲಲ್ಲೇ ಅಂಗಡಿಯ ಷಟರನ್ನು ಅರ್ಧ ಎಳೆದಿದ್ದ.

ಆ ಮೀನು ಅಶೋಕಪುರಂನ ಇರುದಯರಾಜ್ ಮೇಸ್ತ್ರಿಯ ಮುದ್ರೆ. ನಲವತ್ತು ವರ್ಷದಿಂದ ಮೈಸೂರಿನಲ್ಲಿ ಕಾಡು ಸುತ್ತುವವರ ಸೊಂಟದಲ್ಲಿ ಇದ್ದದ್ದು ಅವರ ಚಾಕುವೇ. ಸ್ಟೀವನ್ ಕೆಲಸ ಕಲಿತದ್ದೂ ಅವರ ಕುಲುಮೆಯಲ್ಲಿ. ಮೊದಲ ಪಾಠವೇ ಮುದ್ರೆಯದು: ಉಕ್ಕು ಕೆಂಪಗಿರುವಾಗ ಹೊಡೆಯಬೇಕು, ಆರಿದ ಮೇಲೆ ಹೊಡೆದರೆ ಒಳಗೇ ಸೀಳು ಬಿಡುತ್ತದೆ. ಕಲಿತು ಹೊರಡುವ ದಿನ ಮೇಸ್ತ್ರಿ ತಾವು ಮಾಡಿದ್ದರಲ್ಲೇ ಒಳ್ಳೆಯದೊಂದು ಚಾಕುವನ್ನು ನೆಲದ ಮೇಲಿಟ್ಟು, "ತಗೋ, ನಿಂಗೆ" ಎಂದಿದ್ದರು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆಂದು ಅವರು ಯಾವತ್ತೂ ಹಾಗೆ ಕೊಟ್ಟವರಲ್ಲ. ಈಗ ಗ್ರೈಂಡರಿನ ಬಾಯಿಗೆ ಸಿಕ್ಕಿದ್ದು ಅದೇ ಚಾಕು.

ನೆಲದ ಮೇಲಿಟ್ಟು ಕೊಟ್ಟರೂ ಜಗಳ ಆಗಿಯೇ ಆಯಿತು. ಸ್ಟೀವನ್ ಯಾದವಗಿರಿಯಲ್ಲಿ ಚಾರಣದ ಸಾಮಾನಿನ ಅಂಗಡಿ ತೆರೆದು ವಿದೇಶಿ ಚಾಕು ತರಿಸಿದ. ನೋಡಲು ಮೇಸ್ತ್ರಿಯ ಚಾಕುವಿನ ಪಡಿಯಚ್ಚು, ಬೆಲೆ ಕಾಲು ಭಾಗ. "ಅದ್ರಲ್ಲಿ ಸೌತೆಕಾಯಿ ಹೆಚ್ಕೋ ಹೋಗು," ಎಂದು ಮೇಸ್ತ್ರಿ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಅಂದುಬಿಟ್ಟರು. ಅಂದಿನಿಂದ ಮಾತು ನಿಂತಿತ್ತು.

ಈಗ ನಿವೃತ್ತ ಸಸ್ಯಶಾಸ್ತ್ರದ ಪ್ರೊಫೆಸರ್ ಬಿಂದುಮಾಧವರಿಗೆ ತಮ್ಮ ಚಾರಣ ಸಂಘಕ್ಕೆ ನಲವತ್ತು ಚಾಕು ಬೇಕಿತ್ತು. ಊರಿನದೊಂದು, ಹೊರಗಿನದೊಂದು ತನ್ನಿ, ಪರೀಕ್ಷೆಯಲ್ಲಿ ಗೆದ್ದದ್ದನ್ನು ಕೊಳ್ಳುತ್ತೇನೆ ಎಂದು ಇಬ್ಬರಿಗೂ ಹೇಳಿಕಳಿಸಿದ್ದರು. ಸ್ಟೀವನ್ ತನ್ನ ವಿದೇಶಿ ಚಾಕುವಿನಿಂದ ಹುಣಸೆ ಕೊರಡೊಂದನ್ನು ಸೀಳಿ ನೋಡಿದ. ಅಲಗಿನ ಬಾಯಿ ಮಡಚಿಕೊಂಡಿತು. ಇನ್ನೇನು ಮಾಡುತ್ತಾನೆ, ಹೇಳಿ? ಮೇಸ್ತ್ರಿ ಕೊಟ್ಟ ಚಾಕುವಿನ ಮೀನನ್ನು ಅಳಿಸಿ, ಅದಕ್ಕೆ ವಿದೇಶಿ ಹಿಡಿ ಕೂರಿಸಿದ. ಎರಡೂ ಸಮಸಮವಾದರೂ ಸಾಕು, ಬೆಲೆ ನೋಡಿ ತನ್ನದನ್ನೇ ಕೊಳ್ಳುತ್ತಾರೆ. ಗುರುವಿನ ಚಾಕುವನ್ನೇ ಗುರುವಿನ ಮೇಲೆತ್ತಿದ ಭೂಪ!

ಪರೀಕ್ಷೆಯ ದಿನ ತಿಳಿಸಲು ಭಾನುವಾರ ಅಶೋಕಪುರಂಗೆ ಹೋದ. ಕುಲುಮೆಯ ಗುಂಡಿಯಲ್ಲಿ ಬೆಕ್ಕೊಂದು ಮರಿಗಳಿಗೆ ಹಾಲೂಡಿಸುತ್ತಾ ಮಲಗಿತ್ತು. ಭಾನುವಾರ ಮೇಸ್ತ್ರಿ ಬೆಂಕಿ ಹಾಕುವವರಲ್ಲ, ಅದು ಅವನಿಗೆ ಗೊತ್ತು.

"ಶನಿವಾರ ಬರ್ತೀರಾ, ಮೇಸ್ತ್ರಿ?"

"ಬರ್ದೆ ಏನು? ನನ್ನ ಹೆಸ್ರು ಕಣೋ ಅದು." ಮೇಸ್ತ್ರಿ ಕೆಮ್ಮಿದರು. ಅವನ ಮುಖ ನೋಡಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡ ಸ್ಟೀವನ್.

ಬಾಗಿಲವರೆಗೆ ಬಂದ ಅವರ ಹೆಂಡತಿ ರೋಸ್ಲಿನಮ್ಮ ಮೆಲ್ಲಗೆ ಹೇಳಿದರು: "ನೀನಾದ್ರೂ ಬೇಡ ಅನ್ನಪ್ಪ ಇವ್ರಿಗೆ."

ಮಂಗಳವಾರ ಆಟೋ ಲೋಕೇಶ್ ಅಂಗಡಿಗೆ ಬಂದು, ಚೌಕಾಸಿ ಕೂಡ ಮಾಡದೆ ಒಂದು ವಿದೇಶಿ ಚಾಕು ಕೊಂಡ. ಯಾರಿಗೆ ಎಂದರೆ, "ನಮ್ಮ ಅಶೋಕಪುರಂನೋರಿಗೇ, ಒಬ್ರಿಗೆ" ಎಂದ. ಮೇಸ್ತ್ರಿಯ ಬೀದಿಗೂ ತನ್ನ ಮಾಲು ಹೋಯಿತಲ್ಲ ಎಂದು ಸ್ಟೀವನ್ ಒಳಗೇ ಹಿಗ್ಗಿದ.

ಶನಿವಾರ ಬೆಳಿಗ್ಗೆ ಬಿಂದುಮಾಧವರ ಮನೆಯಂಗಳದಲ್ಲಿ ಸಂಘದವರೆಲ್ಲ ಸೇರಿದ್ದರು. ಪ್ರೊಫೆಸರ್ ಮೊದಲು ಸ್ಟೀವನ್ ತಂದದ್ದನ್ನು ಹುಣಸೆ ಕೊರಡಿನ ಮೇಲಿಟ್ಟು, ಬೆನ್ನಿಗೆ ಮರದ ಕೊಡತಿಯಿಂದ ಹೊಡೆದರು. ನಾಲ್ಕೇ ಏಟಿಗೆ ಕೊರಡು ಎರಡಾಯಿತು. ಬಾಯಿ ಮುಕ್ಕಾಗಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೀವನ್ ನೆಲ ನೋಡಿದ.

ಆಮೇಲೆ ಮೇಸ್ತ್ರಿಯದು. ಹೊಳೆಯುವ ಹೊಸ ಮೀನು, ತೇಗದ ಹಿಡಿ. ಮೊದಲ ಏಟು ಇಳಿಯಿತು. ಎರಡನೆಯದಕ್ಕೆ ಟಣ್ ಎಂದಿತು. ಚಾಕು ಸರಿಯಾಗಿ ಮೀನಿನ ನಡುವೆಯೇ ಮುರಿದು, ತುಂಡು ಹಾರಿ ಹೂವಿನ ಕುಂಡದ ಪಕ್ಕ ಬಿತ್ತು.

ಯಾರೋ ಕಿಸಕ್ಕನೆ ನಕ್ಕರು. ಸ್ಟೀವನ್‌ಗೆ ಏನೂ ತಿಳಿಯಲಿಲ್ಲ. ಎರಡೂ ಒಂದೇ ಕೈಯವು ತಾನೇ? ಪಾಪ, ವಯಸ್ಸಾಯಿತು, ಮೇಸ್ತ್ರಿಯ ಕೈ ಸೋತಿದೆ ಎಂದುಕೊಂಡ.

"ಹೊರಗಿನದೇ ಗಟ್ಟಿ ಕಣ್ರೀ, ಸ್ಟೀವನ್," ಎಂದರು ಬಿಂದುಮಾಧವ. "ನಲವತ್ತೂ ನಿಮ್ಮದೇ ಕೊಟ್ಟುಬಿಡಿ."

ಮೇಸ್ತ್ರಿ ತುಂಡುಗಳನ್ನು ಹೆಕ್ಕಿ, ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟರು. ಎಪ್ಪತ್ತರ ಮನುಷ್ಯ, ಶಾಲೆಯಲ್ಲಿ ಏಟು ತಿಂದ ಹುಡುಗನಂತೆ ತಲೆತಗ್ಗಿಸಿ ನಡೆದರು. ಥೂ ನನ್ನ ಜನ್ಮಕ್ಕೆ, ಎನ್ನಿಸಿತು ಸ್ಟೀವನ್‌ಗೆ. ಗೇಟಿನವರೆಗೆ ಓಡಿದ.

"ಮೇಸ್ತ್ರಿ, ನಿಂತ್ಕೊಳ್ಳಿ. ನಾನೊಂದು ತಪ್ಪು..."

"ನೀ ಸುಮ್ಕಿರು. ತಪ್ಪು ನಂದು." ಮೇಸ್ತ್ರಿ ಕರ್ಚೀಫು ಬಿಚ್ಚಿ, ಮುರಿದ ತುಂಡನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟರು. "ನೋಡು. ಇದು ನಿನ್ನ ಅಂಗಡೀದೇ ಕಣೋ. ಡಾಕ್ಟ್ರು ಹೊಗೆ ಬೇಡ ಅಂದು ವರ್ಷ ಆಯ್ತು, ಕುಲುಮೆ ಆರೋಗದೆ. ಲೋಕೇಶನ ಕೈಲಿ ತರ್ಸಿ, ಹಿಡಿ ಬದಲಾಯ್ಸಿ, ತಣ್ಣಗಿರೋ ಉಕ್ಕಿಗೇ ಮೀನು ಹೊಡ್ದುಬುಟ್ಟೆ. ನಿಂಗೆ ಬೇಡ ಅಂತ ಹೇಳ್ಕೊಟ್ಟೋನು ನಾನೇ."

ಸ್ಟೀವನ್ ತಿರುಗಿ ನೋಡಿದ. ಹಿಂದೆ ಅಂಗಳದಲ್ಲಿ ಬಿಂದುಮಾಧವ ಗೆದ್ದ ಚಾಕುವನ್ನು ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು.

"ನಾನು ಮಾಡಿದ್ದು ಒಂದಾದ್ರೂ ಮನೇಲಿದ್ದಿದ್ರೆ ಅದ್ನೇ ತರ್ತಿದ್ದೆ. ಎಲ್ಲಾ ಮಾರ್ಬುಟ್ಟಿದ್ದೆ. ನಿಂಗೆ ಕೊಟ್ಟಿದ್ದೊಂದಿತ್ತು. ಕೇಳಕ್ಕೆ ನಾಚ್ಕೆ ಆಯ್ತು." ಮೇಸ್ತ್ರಿ ಮೊದಲ ಸಲ ಅವನ ಮುಖ ನೋಡಿದರು.

"ಅದನ್ನಾದ್ರೂ ಜೋಪಾನವಾಗಿ ಮಡಗಿದ್ದೀಯಾ ತಾನೇ?"